ಮುಟ್ಟಿದ್ದು ತಿಳಿಯಿತು, ಸುಟ್ಟಿದ್ದು ತಿಳಿಯಲಿಲ್ಲ

ಕ್ರಿ.ಶ. ೨೦೨೪ರ ಜನವರಿ ೯, ಮಂಗಳವಾರ. ಶೋಭಕೃತ್ ಸಂವತ್ಸರದ ಮಾರ್ಗಶಿರ ಬಹುಳ ತ್ರಯೋದಶಿ. ಹೇಮಂತ ಋತುವಿನ ನಡುಗಾಲ. ಎಳ್ಳ ಅಮಾವಾಸ್ಯೆಗೆ ಎರಡು ದಿನ ಬಾಕಿ ಇತ್ತು. ಮೂಡಗಾಳಿ ಬಿಟ್ಟಿರಲಿಲ್ಲ, ಆಕಾಶಕ್ಕೆ ತೆಳ್ಳಗೆ ಮೋಡ ಕವಿದಿತ್ತು, ಹೊಲಗಳಲ್ಲಿ ಬಿಳಿಜೋಳದ ತೆನೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಮನೋಳಿಯಿಂದ ಬೈಲಹೊಂಗಲಕ್ಕೆ ಹೊರಟಿದ್ದ ಬಾಡಿಗೆ ವಾಹನದ ಹಿಂದಿನ ಸೀಟಿನಲ್ಲಿ ಶಟ್ಟೆವ್ವ ತನ್ನ ಬಲಗೈಯನ್ನು ಕಂಬಳಿಯೊಳಗೆ ಮುಚ್ಚಿಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಮಗ ಬಾಳೇಶ ಇದ್ದ. ಚಳಿಗೆಂದು ಮುಚ್ಚಿದ್ದಾಳೆಂದು ಅವನು ತಿಳಿದಿದ್ದ. ಅವಳು ಮುಚ್ಚಿದ್ದು, ಆ ಕೈಯನ್ನು ನೋಡಿದಷ್ಟೂ ಎದೆ ಬಡಿದುಕೊಳ್ಳುತ್ತಿದ್ದುದರಿಂದ.

ಮಣಿಕಟ್ಟಿನ ಮೇಲೆ ಒಂದು ಗಂಟು ಎದ್ದಿತ್ತು. ಮೊದಲು ಕಡಲೆಕಾಳಿನಷ್ಟಿದ್ದುದು ಎರಡು ವರ್ಷದಲ್ಲಿ ನೆಲ್ಲಿಕಾಯಿಯಷ್ಟಾಗಿ, ರೊಟ್ಟಿ ಬಡಿಯುವಾಗ ಕೈ ಮಡಚಲು ಅಡ್ಡ ಬರುತ್ತಿತ್ತು. ಶಟ್ಟೆವ್ವನ ಬಾಳುವೆಯೆಲ್ಲ ಆ ಕೈಯಲ್ಲಿತ್ತು. ೨೦೦೩ರಲ್ಲಿ ಗಂಡ ಲಕ್ಕಪ್ಪ ತೀರಿಕೊಂಡ ಮೇಲೆ ಅವಳು ಮನೆಯಲ್ಲೇ ಕಡಕ್ ರೊಟ್ಟಿ ಮಾಡಿ ಸವದತ್ತಿಯ ಖಾನಾವಳಿಗಳಿಗೆ ಕಳಿಸತೊಡಗಿದಳು. ಅವಳ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ. ಅಂಚು ಎಲ್ಲಿಯೂ ಒಡೆಯದು. ಹಂಚಿನ ಕಾವನ್ನು ಅವಳು ಕಣ್ಣಿನಿಂದ ನೋಡುತ್ತಿರಲಿಲ್ಲ, ನೀರು ಚಿಮುಕಿಸಿಯೂ ನೋಡುತ್ತಿರಲಿಲ್ಲ. ಬಲ ಅಂಗೈಯನ್ನು ಹಂಚಿನ ಮೇಲೆ ಗಾಳಿಯಲ್ಲಿ ಹಿಡಿದು, ಕಾವು ಸಾಕೆನಿಸಿದಾಗ ರೊಟ್ಟಿ ಹಾಸುವುದು ಅವಳ ರೂಢಿ. ಈ ರೂಢಿ ಅವಳಿಗೆ ಬಂದದ್ದು ಸೋದರತ್ತೆ ಕೆಂಪವ್ವನಿಂದ. ಅವಳ ಅಂಜಿಕೆಯೂ ಬಂದದ್ದು ಅಲ್ಲಿಂದಲೇ.

ಶಟ್ಟೆವ್ವ ಹುಟ್ಟಿದ್ದು ೧೯೬೬ರ ಶ್ರಾವಣದಲ್ಲಿ, ಚಚಡಿಯಲ್ಲಿ. ತಂದೆಯ ಅಕ್ಕ ಕೆಂಪವ್ವ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಆ ಮನೆಯ ಒಲೆಯನ್ನು ನೋಡಿಕೊಳ್ಳುತ್ತಿದ್ದಳು. ೧೯೭೫ರ ಮಳೆಗಾಲದ ಒಂದು ಮುಂಜಾನೆ ಕೆಂಪವ್ವ ಹಂಚಿನ ಕಾವು ನೋಡಲು ಅಂಗೈ ಚಾಚಿದಳು. ಕಾವು ತಿಳಿಯದೆ ಕೈಯನ್ನು ಇನ್ನಷ್ಟು ಕೆಳಗಿಳಿಸಿದಳು. ಕೊನೆಗೆ ಹಂಚಿನ ಮೇಲೆಯೇ ಅಂಗೈಯೂರಿ, ಪಕ್ಕದಲ್ಲಿ ಕುಳಿತ ಪುಟ್ಟ ಶಟ್ಟೆವ್ವನ ಕಡೆ ತಿರುಗಿ ಏನೋ ಮಾತಾಡುತ್ತಲೇ ಇದ್ದಳು. ತೊಗಲು ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಕೆಂಪವ್ವನ ಮುಖದಲ್ಲಿ ನೋವಿನ ಒಂದು ಗೆರೆಯೂ ಏಳಲಿಲ್ಲ. ಕೆಲವು ದಿನಗಳ ಮೇಲೆ ಸರಕಾರಿ ದವಾಖಾನೆಯಿಂದ ಒಬ್ಬರು ಬಂದು ಅವಳ ಕಣ್ಣು ಮುಚ್ಚಿಸಿ, ಬಿಸಿನೀರು ತುಂಬಿದ ಗಾಜಿನ ನಳಿಕೆಯೊಂದನ್ನು, ತಣ್ಣೀರು ತುಂಬಿದ ಇನ್ನೊಂದನ್ನು ತೋಳಿಗೆ ಮುಟ್ಟಿಸಿ ಕೇಳಿದರು. ಕೆಂಪವ್ವನಿಗೆ ಎರಡರಲ್ಲಿ ಯಾವುದು ಬಿಸಿಯೆಂದು ಹೇಳಲಾಗಲಿಲ್ಲ. ಕುಷ್ಠವೆಂದು ಅವರು ಹೇಳಿಹೋದ ಮೇಲೆ ಆ ಮನೆಯವರು ಕೆಂಪವ್ವನಿಗೆ ದನದ ಕೊಟ್ಟಿಗೆಯ ಬದಿಯಲ್ಲಿ ಬೇರೆ ಜಾಗ, ಬೇರೆ ತಾಟು, ಬೇರೆ ತಂಬಿಗೆ ಮಾಡಿದರು. ೧೯೮೧ರಲ್ಲಿ ಅವಳು ಸಾಯುವವರೆಗೆ ಅವಳ ಕೈಯ ರೊಟ್ಟಿಯನ್ನು ಯಾರೂ ತಿನ್ನಲಿಲ್ಲ.

ಗಂಟು ಎದ್ದಂದಿನಿಂದ, ಇದೂ ಅತ್ತೆಯ ಆ ರೋಗವೇ ಇದ್ದೀತೆಂದು ಶಟ್ಟೆವ್ವನ ಮನಸ್ಸು ಹಗಲಿರುಳು ಅಲ್ಲಿಯೇ ಸುತ್ತುತ್ತಿತ್ತು. ಆದರೆ ಆ ಹೆಸರನ್ನು ಬಾಯಿಂದ ಆಡಿದರೆ ಎಲ್ಲಿ ನಿಜವಾದೀತೋ ಎಂದು ಮಗನಿಗಾಗಲಿ ಸೊಸೆ ನೀಲಾಳಿಗಾಗಲಿ ಹೇಳಿರಲಿಲ್ಲ.

ಗಂಟು ತೆಗೆಸಲು ಅವರು ಬಂದ ಬೈಲಹೊಂಗಲದ ಖಾಸಗಿ ಆಸ್ಪತ್ರೆ ಚಿಕ್ಕದು. ಅರಿವಳಿಕೆ ಕೊಡುವ ಡಾಕ್ಟರ್ ಗೌರೀಶ ಧಾರವಾಡದಿಂದ ಮಂಗಳವಾರ, ಶುಕ್ರವಾರ ಮಾತ್ರ ಬರುತ್ತಿದ್ದರು. ಆಪರೇಷನ್ ಕೋಣೆಯಲ್ಲಿ ಅವಳನ್ನು ಮಲಗಿಸಿ, ತೋಳನ್ನು ಪಕ್ಕಕ್ಕೆ ಚಾಚಿಸಿ, ಕಂಕುಳನ್ನು ಒರೆಸುತ್ತ ಅವರು ಮಾತಿಗೆಳೆದರು.

"ಅವ್ವಾರ, ನಿಮಗ ನಿದ್ದಿ ಬರಸಂಗಿಲ್ರಿ. ಈ ಕೈ ಒಂದನ್ನಷ್ಟ ಮಲಗಸ್ತೇನಿ."

"ಮತ್ತ ಅದನ್ನ ಎಬ್ಬಸವ್ರ ಯಾರ್ರಿ ಸಾಹೇಬ್ರ?"

"ಅದು ತಾನ ಏಳತೈತ್ರಿ."

"ಏಳದಿದ್ದರ?"

"ನಾ ಮಲಗಿಸಿದ ಕೈ ಇನ್ನತನಕ ಒಂದೂ ಹಂಗ ಮಲಗಿ ಉಳದಿಲ್ರಿ. ನಿಮ್ಮ ಕೈಗೆ ಏನ ಅಷ್ಟ ಸಿಟ್ಟ ಐತಿ ನನ್ನ ಮ್ಯಾಲ?"

ಶಟ್ಟೆವ್ವ ನಗಲಿಲ್ಲ. ಸೂಜಿ ಒಳಗೆ ಹೋಯಿತು. ಡಾಕ್ಟರು ಔಷಧ ಬಿಡುತ್ತಲೇ ವಿವರಿಸಿದರು: "ನರ ಅಂದ್ರ ಒಂದ ತಂತಿ ಅಲ್ರಿ. ಸಾವಿರ ಎಳಿ ಕೂಡಿಸಿದ ಹಗ್ಗ ಇದ್ದಂಗ. ಅದರಾಗ ಸಣ್ಣ ಎಳಿ ನೋವು, ಬಿಸಿ, ತಂಪು ಒಯ್ತಾವ. ದಪ್ಪನ್ನವು ಮುಟ್ಟಿದ್ದು, ಒತ್ತಿದ್ದು ಹೇಳತಾವ. ಎಲ್ಲಾಕಿಂತ ದಪ್ಪನ್ನವು ಬೆರಳ ಆಡಸತಾವ. ಔಷಧ ಮೊದಲ ಸಣ್ಣವಕ್ಕ ಹತ್ತತೈತಿ, ದಪ್ಪನ್ನವಕ್ಕ ಆಮ್ಯಾಲ. ಅದಕ್ಕ ನಾವು ಮುಟ್ಟಿದ್ದು ನಿಮಗ ಗೊತ್ತಾದ್ರೂ ನೋವು ಗೊತ್ತಾಗಂಗಿಲ್ಲ. ಹೆದರಬ್ಯಾಡ್ರಿ."

ಅವಳ ಕಿವಿಗೆ ಕೊನೆಯ ಮಾತೊಂದೇ ಬಿದ್ದಿತ್ತು. ಉಳಿದ ಹೊತ್ತೆಲ್ಲ ಅವಳು ಮನಸ್ಸಿನಲ್ಲಿ ಎಲ್ಲಮ್ಮನನ್ನು ಕರೆಯುತ್ತಿದ್ದಳು. ಸ್ವಲ್ಪ ಹೊತ್ತಾಯಿತು. ಬೆರಳುಗಳಲ್ಲಿ ಮೊದಲು ಹಿತವಾದ ಬೆಚ್ಚಗಿನ ಭಾವ ಬಂತು, ಆಮೇಲೆ ಜುಮುಜುಮು. ಡಾಕ್ಟರ್ ಗೌರೀಶ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯನ್ನು ಮೊದಲು ಅವಳ ಎಡಗೈಗೆ ಸವರಿದರು. ಬಾವಿಯ ನೀರು ಸೋಕಿದಷ್ಟು ತಂಪಾಯಿತು. ಆಮೇಲೆ ಬಲಗೈಗೆ ಸವರಿದರು. ಹತ್ತಿ ಸರಿದಾಡಿದ್ದು ಸ್ಪಷ್ಟವಾಗಿ ತಿಳಿಯಿತು. ತಂಪು ಮಾತ್ರ ಎಲ್ಲಿಯೂ ಇರಲಿಲ್ಲ.

"ತಣ್ಣಗ ಆಗತೈತೇನ್ರಿ?"

ಚಚಡಿಯ ಮನೆಯ ಜಗುಲಿ, ಎರಡು ಗಾಜಿನ ನಳಿಕೆ, ಕಣ್ಣು ಮುಚ್ಚಿ ಕುಳಿತ ಅತ್ತೆ, ಎಲ್ಲವೂ ಒಮ್ಮೆಲೇ ಅವಳೆದುರು ನಿಂತವು. ಇಲ್ಲವೆಂದರೆ ಈ ಡಾಕ್ಟರೂ ಆ ಹೆಸರನ್ನೇ ಹೇಳುತ್ತಾರೆಂದು ಅವಳಿಗೆ ಅನಿಸಿತು.

"ಹೌದ್ರಿ," ಎಂದಳು. "ತಣ್ಣಗ ಐತಿ."

ಡಾಕ್ಟರು ಹುಬ್ಬೇರಿಸಿ, ಕಾದು, ಮತ್ತೆ ಕೇಳಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಔಷಧ ಸರಿಯಾಗಿ ಹತ್ತಿಲ್ಲವೆಂದು ಭಾವಿಸಿ, ಅವರು ಅವಳ ತೂಕಕ್ಕೆ ಸಲ್ಲುವ ಮಿತಿಯೊಳಗೆ ಇನ್ನಷ್ಟು ಕೊಟ್ಟರು. ಹೀಗೆ ಆ ಒಂದು ಸುಳ್ಳು ಅವಳ ಕೈಯನ್ನು ಆಗಬೇಕಾದುದಕ್ಕಿಂತ ಹೆಚ್ಚು ಆಳವಾಗಿ, ಹೆಚ್ಚು ಹೊತ್ತು ಮಲಗಿಸಿತು.

ಕೊಯ್ಯುವಾಗ ನೋವಾಗಲಿಲ್ಲ. ಆದರೆ ಯಾರೋ ಎಳೆದದ್ದು, ಒರೆಸಿದ್ದು, ಒತ್ತಿದ್ದು ಕೆಲಹೊತ್ತು ತಿಳಿಯುತ್ತಲೇ ಇತ್ತು. ಮುಂದಿನ ಕ್ಷಣ ನೋವು ಬರುತ್ತದೆ, ಮುಂದಿನ ಕ್ಷಣ ಬರುತ್ತದೆ ಎಂದು ಅವಳು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು. ಆಮೇಲೆ ಆ ತಿಳಿವಳಿಕೆಯೂ ಹೋಯಿತು. ಹಸಿರು ಬಟ್ಟೆಯ ಆಚೆಗೆ ತನ್ನ ಕೈ ಇದೆಯೋ ಇಲ್ಲವೋ ಎಂಬುದೇ ಗೊತ್ತಾಗದಂತಾಯಿತು.

ವಾರ್ಡಿನಲ್ಲಿ ಪಕ್ಕದ ಮಂಚದ ಮೇಲೆ ಕಿತ್ತೂರಿನ ಲಗಮಣ್ಣ ಎಂಬ ಮುದುಕ ಅಂಗಾತ ಮಲಗಿದ್ದ. ಬೆನ್ನಿಗೆ ಸೂಜಿ ಕೊಟ್ಟು ಅವನಿಗೆ ಹರ್ನಿಯಾ ಆಪರೇಷನ್ ಮಾಡಿದ್ದರು. ಎದೆಯ ಮೇಲೆ ಕೂಸಿನಂತೆ ಕೈಯನ್ನು ಮಲಗಿಸಿಕೊಂಡು ಅಳುಮೋರೆ ಹಾಕಿ ಕುಳಿತ ಶಟ್ಟೆವ್ವನನ್ನು ನೋಡಿ ಅವನಿಗೆ ಮಾತಾಡುವ ಹುಕಿ ಬಂತು.

"ಯಾಕ ತಂಗಿ, ಒಂದ ಕೈಗೆ ಇಷ್ಟ ಚಿಂತಿ ಮಾಡ್ತೀ? ನನ್ನ ನೋಡು. ನಡದಿಂದ ಕೆಳಗಿಂದೆಲ್ಲಾ ರಜಾ ಹಾಕಿ ಹೋಗೇತಿ. ಯಾರರ ನನ್ನ ಕಾಲ ಒಯ್ದು ಮಾರಿದ್ರೂ ನನಗ ಸುದ್ದಿ ಇಲ್ಲ."

"ತಿರುಗಿ ಬರತಾವಂತೇನಣ್ಣಾ?"

"ಬರಾಕ ಹತ್ಯಾವಲ್ಲ. ಹೆಬ್ಬೆರಳ ನೋಡು." ಹೊದಿಕೆಯ ತುದಿಯಲ್ಲಿ ಏನೋ ಅಲುಗಿತು. "ಬೆರಳ ಆಡಿತಂದ್ರ ಮುಗೀತು. ಮಾಲು ಪೂರ್ತಿ ನಮ್ಮ ಕೈಗೆ ಬಂದಂಗ."

ಆ ಮಾತನ್ನು ಶಟ್ಟೆವ್ವ ಸೆರಗಿನಲ್ಲಿ ಕಟ್ಟಿಕೊಂಡಂತೆ ಅದೇ ದಿನ ಮಧ್ಯಾಹ್ನ ಮನೆಗೆ ತಂದಳು. ಬೆಂಕಿಯ ಹತ್ತಿರ ಹೋಗಬಾರದು, ಬಿಸಿಯೂ ತಂಪೂ ತಿಳಿಯುವವರೆಗೆ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಿಂದ ತೆಗೆಯಬಾರದು ಎಂದು ನರ್ಸ್ ಬಾಳೇಶನಿಗೆ ಹೇಳಿದ್ದಳು. ಬಾಳೇಶ ಅದನ್ನು ಮನೆಯಲ್ಲಿ, "ಅವ್ವಗ ಕೆಲಸ ಹಚ್ಚಬ್ಯಾಡ," ಎಂಬ ಒಂದೇ ಮಾತಿಗಿಳಿಸಿ ನೀಲಾಳಿಗೆ ಒಪ್ಪಿಸಿ ಹೊಲಕ್ಕೆ ಹೋದ.

ಹೊತ್ತು ಇಳಿಯುವಾಗ ಕೈ ಏಳತೊಡಗಿತು. ಮೊದಲು ಕಿರುಬೆರಳು ಅಲುಗಿತು, ಆಮೇಲೆ ಐದೂ. ಶಟ್ಟೆವ್ವ ಮುಷ್ಟಿ ಕಟ್ಟಿದಳು, ಬಿಚ್ಚಿದಳು. ಸೀರೆಯ ಅಂಚನ್ನು ಬೆರಳ ನಡುವೆ ಹಿಡಿದು ತಿಕ್ಕಿದಾಗ ನೂಲು ನೂಲೇ ತಿಳಿಯಿತು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಸಡಿಲಾಯಿತು. ಒಳಗೆ ನೀಲಾ ರಾತ್ರಿಯ ರೊಟ್ಟಿಗೆ ಹಿಟ್ಟು ನಾದಿಟ್ಟು, ಒಲೆಯ ಮೇಲೆ ಹಂಚಿಟ್ಟು, ಎಮ್ಮೆ ಹಿಂಡಲು ಹೊರಗೆ ಹೋಗಿದ್ದಳು. ಶಟ್ಟೆವ್ವ ಜೋಳಿಗೆಯಿಂದ ಕೈ ತೆಗೆದು ಒಲೆಯ ಮುಂದೆ ಕುಳಿತಳು. ರೊಟ್ಟಿ ಬಡಿಯಬೇಕೆಂಬ ಮನಸ್ಸಿರಲಿಲ್ಲ. ಕೈ ಮೊದಲಿನ ಕೈಯೇ ಹೌದೋ ಅಲ್ಲವೋ ಎಂಬುದಷ್ಟೇ ಅವಳಿಗೆ ಗೊತ್ತಾಗಬೇಕಿತ್ತು. ಹಿಟ್ಟು ಮುಟ್ಟಿ ನೋಡಿದಳು. ಅದರ ಜಿಗುಟು, ಅದರೊಳಗಿನ ಸಣ್ಣ ನುಚ್ಚು, ಎಲ್ಲವೂ ತಿಳಿದವು. ರೂಢಿಯಂತೆ ಅಂಗೈಯನ್ನು ಹಂಚಿನ ಮೇಲೆ ಹಿಡಿದಳು.

ಕಾವಿರಲಿಲ್ಲ.

ಬೆಂಕಿ ಸರಿಯಾಗಿ ಹತ್ತಿಲ್ಲವೆಂದುಕೊಂಡು ಕೈಯನ್ನು ಇನ್ನಷ್ಟು ಇಳಿಸಿದಳು. ಆಗಲೂ ಇರಲಿಲ್ಲ. ಅಂಗೈಯ ಬುಡವನ್ನು ಹಂಚಿಗೆ ಊರಿದಳು. ಕಬ್ಬಿಣದ ಒರಟು ತಿಳಿಯಿತು. ಹಳೆಯ ಹಂಚಿನ ನಡುವಿನ ತಗ್ಗು ತಿಳಿಯಿತು. ಮೇಲೆ ಉಳಿದಿದ್ದ ಒಣಹಿಟ್ಟಿನ ಕಾಳು ಕೂಡ ತಿಳಿಯಿತು. ಹಂಚು ತಣ್ಣಗೂ ಇರಲಿಲ್ಲ, ಬಿಸಿಯೂ ಇರಲಿಲ್ಲ, ಹಾಸುಗಲ್ಲನ್ನು ಮುಟ್ಟಿದಂತಿತ್ತು. ಅಷ್ಟರಲ್ಲಿ ವಾಸನೆ ಬಂತು. ಆ ವಾಸನೆಯನ್ನು ಅವಳು ೧೯೭೫ರಿಂದ ಮರೆತಿರಲಿಲ್ಲ. ಒಲೆಯೊಳಗೆ ಇಣುಕಿದಳು, ಕೆಂಡ ನಿಗಿನಿಗಿ ಉರಿಯುತ್ತಿತ್ತು.

ಕೈಯನ್ನು ಕಿತ್ತು ನೋಡಿದಳು. ಅಂಗೈಯ ಬುಡ ಕೆಂಪೇರಿ ಹೊಳೆಯುತ್ತಿತ್ತು. ನೋವಿರಲಿಲ್ಲ. ಉಗುರಿನಿಂದ ಚಿವುಟಿದಳು; ಚಿವುಟಿದ್ದು ತಿಳಿಯಿತು, ನೋವು ತಿಳಿಯಲಿಲ್ಲ.

ನೀಲಾ ಹಾಲಿನ ಗಿಂಡಿ ಹಿಡಿದು ಒಳಗೆ ಬಂದಳು. "ಅತ್ತಿ, ಏನೋ ಸುಟ್ಟ ವಾಸನಿ ಬರಾಕ ಹತ್ತೇತಲ್ರಿ?"

"ಹಿಟ್ಟು ಬಿದ್ದಿತ್ತು ಹಂಚಿನ ಮ್ಯಾಲ," ಎಂದು ಶಟ್ಟೆವ್ವ ಕೈಯನ್ನು ಸೆರಗಿನೊಳಗೆ ಸೇರಿಸಿ ಎದ್ದುಹೋದಳು.

ಅಡಿಗೆಮನೆಗೆ ಅವಳು ಮತ್ತೆ ಬರಲಿಲ್ಲ. ನೀರಡಿಸಿದರೂ ಕೊಡ ಮುಟ್ಟಲಿಲ್ಲ. ಹಿತ್ತಲಲ್ಲಿ ಎಮ್ಮೆ ಕಟ್ಟುವ ಗೋಡೆಯ ಬದಿಗೆ ಗೋಣಿಚೀಲ ಹಾಸಿಕೊಂಡು ಕುಳಿತಳು. ನೀಲಾ ಊಟಕ್ಕೆ ಕರೆದಾಗ, "ಹಳೇ ತಾಟಿನ್ಯಾಗ ಹಾಕಿ ಇಲ್ಲೇ ಇಟ್ಟ ಹೋಗವ್ವಾ. ನನ್ನ ತಂಬಿಗಿ ಒಳಗ ಒಯ್ಯಬ್ಯಾಡ," ಎಂದಳು. ಚಚಡಿಯಲ್ಲಿ ಕಂಡದ್ದನ್ನು ತಾನೇ ತನಗೆ ಮಾಡಿಕೊಳ್ಳುತ್ತಿದ್ದಳು. ಬೇರೆಯವರು ಮಾಡುವ ಮೊದಲೇ ಮಾಡಿಕೊಂಡರೆ ನೋವು ಕಡಿಮೆಯಾದೀತೆಂದು ಅವಳ ಲೆಕ್ಕವಿದ್ದಿರಬೇಕು. ಸವದತ್ತಿಯ ಖಾನಾವಳಿಯವರು ಇನ್ನು ತನ್ನ ರೊಟ್ಟಿಯನ್ನು ಮುಟ್ಟುವುದಿಲ್ಲ. ತಾನು ಇಷ್ಟು ವರ್ಷ ಬಡಿದ ರೊಟ್ಟಿ ತಿಂದವರಿಗೆಲ್ಲ ಏನಾಗಿದೆಯೋ. ಮಗನ ಗತಿಯೇನು. ಇಂತಹ ವಿಚಾರಗಳು ಒಂದರ ಬೆನ್ನಿಗೆ ಒಂದು ಬರುತ್ತಲೇ ಇದ್ದವು. ಅಂಗೈಯಲ್ಲಿ ನೀರುಗುಳ್ಳೆ ಏಳುತ್ತಿತ್ತು. ಅವಳು ಅದನ್ನು ಬೇರೆಯವರ ಕೈಯೆಂಬಂತೆ ನೋಡುತ್ತಿದ್ದಳು.

ಬಾಳೇಶ ಹೊಲದಿಂದ ಬಂದವನು ತಾಯಿಯನ್ನು ಎಮ್ಮೆಯ ಪಕ್ಕದಲ್ಲಿ ಕಂಡು ನಿಂತ.

"ಯವ್ವಾ, ಇಲ್ಲ್ಯಾಕ ಕುಂತಿ? ನೀಲಾನ ಕೂಡ ಜಗಳಾಡಿಯೇನು?"

"ದೂರ ನಿಂದರು."

"ಏನಾಗೇತಿ ಹೇಳು. ಎಮ್ಮಿ ಕೂಡ ಸಂಸಾರ ಮಾಡಾಕ ಕುಂತಿಯೇನು?"

ಅವಳು ಸೆರಗು ಸರಿಸಿ ಕೈ ತೋರಿಸಿದಳು. "ಕೆಂಪವ್ವನ ಬ್ಯಾನಿ ನನಗೂ ಬಂದೈತೋ ಬಾಳು. ಹಂಚಿನ ಮ್ಯಾಲ ಕೈ ಇಟ್ಟೇನಿ, ಗೊತ್ತಾಗಲಿಲ್ಲ."

ಬಾಳೇಶನ ಮುಖದಿಂದ ನಗೆ ಮಾಯವಾಯಿತು. ಕೆಂಪವ್ವನ ಹೆಸರನ್ನೇ ಅವನು ಆವರೆಗೆ ಕೇಳಿರಲಿಲ್ಲ. ಹಿತ್ತಲಿಗೆ ಬಂದ ನೀಲಾ ಆ ಕೈ ನೋಡಿ, ಕೊಡದ ನೀರನ್ನೇ ತಂದು ಅದರ ಮೇಲೆ ಸುರಿಯತೊಡಗಿದಳು. ಶಟ್ಟೆವ್ವ ಕೈ ಹಿಂದಕ್ಕೆಳೆದರೂ ಅವಳು ಮೊಣಕೈ ಹಿಡಿದು ಬಿಡಲಿಲ್ಲ. ಬಾಳೇಶ ಆಸ್ಪತ್ರೆಗೆ ಫೋನ್ ಮಾಡಿ, ಅಲ್ಲಿಂದ ಡಾಕ್ಟರ್ ಗೌರೀಶರ ನಂಬರು ಪಡೆದು, ನಡೆದದ್ದನ್ನೂ ತಾಯಿ ಎಮ್ಮೆಯ ಬದಿಗೆ ಹೋಗಿ ಕುಳಿತದ್ದನ್ನೂ ಹೇಳಿ, ಎಲ್ಲರಿಗೂ ಕೇಳುವಂತೆ ಫೋನನ್ನು ತಾಯಿಯ ಮುಂದೆ ಹಿಡಿದ.

"ಅವ್ವಾರ, ಮುಂಜಾನಿ ಹತ್ತಿ ಸವರಿದಾಗ ಖರೇನ ತಂಪಾಗಿತ್ತೇನ್ರಿ?"

ಅವಳು ನೀಲಾ ಹಿಡಿದಿದ್ದ ತನ್ನ ಕೈಯತ್ತ ನೋಡಿದಳು.

"ಇಲ್ರಿ ಸಾಹೇಬ್ರ. ಸುಳ್ಳ ಹೇಳಿದ್ನಿ. ಆ ಬ್ಯಾನಿ ಅಂತ ನೀವು ಹೇಳತೀರಂತ ಅಂಜಿದ್ನಿ."

ಆಚೆಯಿಂದ ದೊಡ್ಡ ಉಸಿರೊಂದು ಕೇಳಿಸಿತು. "ಅದಕ್ಕ ನಾ ಔಷಧ ಜಾಸ್ತಿ ಕೊಟ್ನಿ. ಇರಲಿ. ನಿಮ್ಮೂರಿಗೆ ಮಲಪ್ರಭಾ ಕೆನಾಲ್ ಐತಲ್ಲ. ಡ್ಯಾಮಿನ ಗೇಟ್ ಬಂದ್ ಮಾಡಿದ್ರ ಮೊದಲ ಒಣಗೂದು ಯಾವ್ದ್ರಿ?"

ಉತ್ತರ ಕೊಟ್ಟವನು ಬಾಳೇಶ. "ಹೊಲದಾಗಿನ ಸಣ್ಣ ಕಾಲಿವಿ, ಸರ್."

"ತಿರುಗಿ ನೀರ ಬಿಟ್ರ?"

"ಮೊದಲ ದೊಡ್ಡ ಕೆನಾಲ್ ತುಂಬತೈತಿ. ನಮ್ಮ ಕಡೀ ಹೊಲಕ್ಕ ನೀರ ಬರೂದು ಎಲ್ಲಾರದೂ ಆದ ಮ್ಯಾಲ್ರಿ."

"ಅಷ್ಟ. ಬೆರಳ ಆಡಸೂ ನರ ದೊಡ್ಡ ಕೆನಾಲ್, ಅದು ಮೊದಲ ಬಂತು. ಮುಟ್ಟಿದ್ದು ತಿಳಿಯೂದು ಆಮ್ಯಾಲ ಬಂತು. ಬಿಸಿ, ನೋವು ಕಡೀ ಹೊಲ ಇದ್ದಂಗ. ಅದಿನ್ನೂ ಬಂದಿಲ್ಲ, ಬರತೈತಿ. ಆಗ ಉರಿ ಏಳತೈತ್ರಿ ಅವ್ವಾರ, ಗುಳಿಗಿ ತಗೋರಿ. ಗುಳ್ಳಿ ಒಡೀಬ್ಯಾಡ್ರಿ, ಸ್ವಚ್ಛ ಅರಿವಿ ಮುಚ್ಚರಿ. ಶುಕ್ರವಾರ ಬರ್ರಿ, ಮೈ ಎಲ್ಲಾ ನೋಡತೇನಿ. ಇನ್ನೊಂದ ಮಾತು, ನೀವು ಅಂಜೂ ಬ್ಯಾನಿಗೂ ಈಗ ಸರಕಾರಿ ದವಾಖಾನ್ಯಾಗ ಪುಕ್ಕಟ ಗುಳಿಗಿ ಅದಾವ. ವಾಸಿ ಆಗತೈತಿ. ಯಾರನ್ನೂ ದನದ ಕೊಟ್ಟಿಗ್ಯಾಗ ಕುಂದ್ರಸೂದಿಲ್ಲ."

ಫೋನ್ ಇಟ್ಟರೂ ಶಟ್ಟೆವ್ವ ಒಳಗೆ ಬರಲಿಲ್ಲ. ಡಾಕ್ಟರು ಸಮಾಧಾನಕ್ಕೆ ಹೇಳುತ್ತಾರೆ. ಕೆಂಪವ್ವನಿಗೂ ಮೊದಮೊದಲು ಎಲ್ಲರೂ ಏನೂ ಆಗುವುದಿಲ್ಲವೆಂದೇ ಹೇಳಿದ್ದರು. ಬಾಳೇಶ ಇನ್ನೊಂದು ಗೋಣಿಚೀಲ ತಂದು ಅವಳ ಪಕ್ಕದಲ್ಲೇ ಹಾಸಿ ಕುಳಿತ. ನೀಲಾ ಮೂವರ ತಾಟನ್ನೂ ಅಲ್ಲಿಗೇ ತಂದಳು. ಎಮ್ಮೆ ತಾಟಿನ ಕಡೆ ಮೂತಿ ಚಾಚಿದಾಗ ನೀಲಾ, "ನಿಂದ ಬ್ಯಾರೆ ಪಂಕ್ತಿ, ತಡಿ," ಎಂದು ಅದನ್ನು ತಳ್ಳಿದಳು. ಶಟ್ಟೆವ್ವ ಎಡಗೈಯಿಂದ ಎರಡು ತುತ್ತು ತಿಂದಳು. ಕಣ್ಣು ಬಲಗೈಯ ಮೇಲೆಯೇ ಇತ್ತು. ಗಳಿಗೆಗೊಮ್ಮೆ ಅದನ್ನು ತಂಬಿಗೆಯ ತಣ್ಣನೆಯ ಹೊಟ್ಟೆಗೆ ಮುಟ್ಟಿಸಿ ನೋಡುತ್ತಿದ್ದಳು. ತಂಬಿಗೆ ತಿಳಿಯುತ್ತಿತ್ತು, ತಂಪು ತಿಳಿಯುತ್ತಿರಲಿಲ್ಲ. ಒಂದೊಂದು ಸಲಕ್ಕೂ ಅವಳ ಮುಖ ಇನ್ನಷ್ಟು ಬಾಡುತ್ತಿತ್ತು.

ತಾಟು ಎತ್ತುವ ಹೊತ್ತಿಗೆ ಅಂಗೈಯ ಬುಡದಲ್ಲಿ ಯಾರೋ ಕಡ್ಡಿ ಗೀರಿದಂತೆ ಸಣ್ಣದೊಂದು ಉರಿ ಎದ್ದಿತು. ಅವಳು ಉಸಿರಾಡದೆ ಕಾದಳು. ಅದು ಆರಿತು, ಮತ್ತೆ ಎದ್ದಿತು, ಈ ಸಲ ಮಣಿಕಟ್ಟಿನ ಹೊಲಿಗೆಯೂ ಜೊತೆಗೂಡಿ ಚುಚ್ಚಿತು. ಅವಳು ಅವಸರದಿಂದ ತಂಬಿಗೆಗೆ ಬೆರಳು ಹಚ್ಚಿದಳು. ತಂಪು ನೆಟ್ಟಗೆ ಮೊಣಕೈವರೆಗೆ ಹರಿಯಿತು.

"ಬಾಳು, ಉರಿಯಾಕ ಹತ್ತೇತಿ," ಎಂದಳು. ಮತ್ತೆ, "ಭಾಳ ಉರಿಯಾಕ ಹತ್ತೇತಿ," ಎಂದಳು. ಕಣ್ಣಿಂದ ನೀರಿಳಿಯುತ್ತಿತ್ತು. ನೀಲಾ ಗುಳಿಗೆ ತಂದಾಗ, "ತಡಿಯವ್ವಾ, ಇನ್ನ ಸ್ವಲ್ಪ ಹೊತ್ತ ಉರೀಲಿ," ಎಂದು ಅವಳ ಕೈ ಸರಿಸಿದಳು.

ಮುಂದೆ ನಡೆದದ್ದಿಷ್ಟು. ಜನವರಿ ೧೨, ಶುಕ್ರವಾರ ಡಾಕ್ಟರ್ ಗೌರೀಶ ಬೈಲಹೊಂಗಲದಲ್ಲಿ ಶಟ್ಟೆವ್ವನ ಕೈಕಾಲು, ಬೆನ್ನು, ಮುಖಗಳನ್ನು ಬಿಸಿ ಮತ್ತು ತಂಪು ಮುಟ್ಟಿಸಿ ಪರೀಕ್ಷಿಸಿದರು. ಬಿಸಿ, ತಂಪು ತಿಳಿಯದ ಜಾಗ ಎಲ್ಲಿಯೂ ಸಿಗಲಿಲ್ಲ; ಕುಷ್ಠದ ಗುರುತು ಇಲ್ಲವೆಂದರು. ತೆಗೆದ ಗಂಟಿನ ತಪಾಸಣೆಯ ವರದಿ ಜನವರಿ ೧೬ರಂದು ಬಂತು; ಅದು ಕೀಲಿನ ದ್ರವ ತುಂಬಿದ ಸಾಮಾನ್ಯ ಗಂಟೆಂದು ತಿಳಿಯಿತು. ಹೊಲಿಗೆಯನ್ನು ಜನವರಿ ೧೯, ಶುಕ್ರವಾರ ಬಿಚ್ಚಿದರು. ಸುಟ್ಟ ಗಾಯ ಫೆಬ್ರುವರಿ ೬ರ ಹೊತ್ತಿಗೆ ಮಾಯಿತು. ಅಂಗೈಯ ಬುಡದಲ್ಲಿ ಚಿಕ್ಕ ಕಲೆ ಉಳಿದಿದೆ. ಫೆಬ್ರುವರಿ ೨೬, ಸೋಮವಾರದಿಂದ ಸವದತ್ತಿಗೆ ರೊಟ್ಟಿ ಮತ್ತೆ ಹೋಗತೊಡಗಿತು. ಗಂಟು ತಿರುಗಿ ಬಂದಿಲ್ಲ.